ಮಾದಪ್ಪನ ಬೆಟ್ಟಕ್ಕೆ ನಡೆದವರು, ಕಾಲೇಜಿಗೆ ಹೋದವರು

2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ.ದೊಡ್ಡಿಯಿಂದ ಒಂದು ಗುಂಪು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿತು. ಹೊರಟವರೆಲ್ಲ ಮದುವೆಯಾಗದ ಗಂಡಸರು. ಹೆಚ್ಚಿನವರು ಮೂವತ್ತು ದಾಟಿದ ರೈತರ ಮಕ್ಕಳು. ನೂರು ಕಿಲೋಮೀಟರ್ ಮೀರಿದ ಹಾದಿ, ಬಿಸಿಲು ಏರುವ ಕಾಲ. ಹೊತ್ತ ಹರಕೆ ಒಂದೇ, ‘ಹೆಣ್ಣು ಸಿಗಲಿ ಮಾದಪ್ಪ’. ಪತ್ರಿಕೆಗಳು ಅದನ್ನು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಕರೆದವು. ಓದಿದವರು ನಕ್ಕರು, ಮೊಬೈಲಿನಲ್ಲಿ ಹಂಚಿಕೊಂಡು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಈ ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ತಲೆ ನರೆತವಳು ನಾನು. ಆ ಗುಂಪಿನಲ್ಲಿ ನಡೆದಂಥ ಹುಡುಗರ ಮನೆಗಳನ್ನೂ ಬಲ್ಲೆ, ಅವರಿಗೆ ಸಿಗದೆ ಹೋದ ಹುಡುಗಿಯರನ್ನೂ ಬಲ್ಲೆ.

ಅದಕ್ಕೂ ಮೂರು ತಿಂಗಳ ಹಿಂದೆ, 2022ರ ನವೆಂಬರ್‌ನಲ್ಲಿ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧು–ವರರ ಸಮಾವೇಶ ನಡೆದಿತ್ತು. ಗಂಡುಗಳು ಸಾವಿರಾರು ಸಂಖ್ಯೆಯಲ್ಲಿ ಬಂದರು, ಹೆಣ್ಣುಗಳು ಕೆಲವೇ ನೂರು. ಮರುವರ್ಷದ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವ ಮಾತಾಡಿದರು. ಮಠ, ದೇವರು, ಸರ್ಕಾರ ಮೂರರ ಬಾಗಿಲಿಗೂ ಹೋದ ಈ ಸಂಗತಿಗೆ ಊರಿನ ಜಗಲಿಯಲ್ಲಿ ಮಾತ್ರ ಒಂದೇ ಮಾತಿನ ತೀರ್ಮಾನ ಸಿದ್ಧವಾಗಿರುತ್ತದೆ: ‘ಹೆಣ್ಮಕ್ಳು ಓದಿ ಕೆಟ್ರು ಕಣಪ್ಪ.’

ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಓದಿದ ಹುಡುಗಿ ಕೆಟ್ಟಿಲ್ಲ, ಅವಳ ಓದು ಕೆಟ್ಟಿಲ್ಲ. ಅವಳು ಹೋಗಿ ಸೇರಬೇಕಾದ ಮನೆ ಅವಳ ಜೊತೆಗೆ ಒಂದು ತರಗತಿಯೂ ಮುಂದೆ ಹೋಗಿಲ್ಲ. ನಾನು ಹೇಳಬೇಕಾಗಿರುವುದು ಇಷ್ಟೇ, ಆದರೆ ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೆರದಿಂದ ವರದಕ್ಷಿಣೆಗೆ

ನಮ್ಮ ಸೀಮೆಯಲ್ಲಿ ಮದುವೆಯ ರೀತಿ ರಿವಾಜು ಅನಾದಿ ಕಾಲದಿಂದ ಹೀಗೇ ಇತ್ತು ಎನ್ನುವವರಿದ್ದಾರೆ. ಇರಲಿಲ್ಲ. ನಮ್ಮಜ್ಜಿಯ ಕಾಲದಲ್ಲಿ ತೆರ ಇತ್ತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ ಕೊಟ್ಟು, ಸೀರೆ ಒಡವೆ ತಂದು ಮದುವೆ ಮಾಡಿಕೊಂಡು ಹೋಗುತ್ತಿದ್ದರು. ಒಕ್ಕಲುತನದ ಮನೆಯಲ್ಲಿ ಹೆಣ್ಣೆಂದರೆ ದುಡಿಯುವ ಎರಡು ಕೈ. ನಾಟಿ, ಕಳೆ, ಕೊಯ್ಲು, ಕೊಟ್ಟಿಗೆ ಎಲ್ಲದರಲ್ಲೂ ಆ ಕೈ ಬೇಕು. ಅದನ್ನು ಕಳೆದುಕೊಳ್ಳುವ ತೌರಿಗೆ ಏನಾದರೂ ಸಲ್ಲಲಿ ಎನ್ನುವುದು ಆಗಿನ ಲೆಕ್ಕ. ತೆರ ಇದ್ದುದರಿಂದ ಹೆಣ್ಣಿಗೆ ಮರ್ಯಾದೆ ಇತ್ತು ಎಂದು ನಾನು ಹೇಳುತ್ತಿಲ್ಲ. ಅವಳ ದುಡಿಮೆ ಲೆಕ್ಕದಲ್ಲಿತ್ತು ಎನ್ನುತ್ತಿದ್ದೇನೆ.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಕಬ್ಬು–ಭತ್ತದ ಗದ್ದೆಗಳಾದವು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಇಲ್ಲಿನ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣಗಿಯೇ ಉಳಿದಿತ್ತು. ಹಳ್ಳಿಗಳ ಹೆಸರು ಬದಲಿಸಿ ಬರೆದ ಆ ಪುಸ್ತಕ 1962ರಲ್ಲಿ ಪ್ರಕಟವಾಯಿತು. ಮುಂದೆ 1970ರ ಹೊತ್ತಿಗೆ ಮತ್ತೆ ಅದೇ ಊರುಗಳಿಗೆ ಬಂದಾಗ ಅವರು ಕಂಡ ಬದಲಾವಣೆಗಳಲ್ಲಿ ಒಂದು, ಅನುಕೂಲಸ್ಥ ಒಕ್ಕಲಿನ ಮನೆಗಳಲ್ಲಿ ತೆರ ಹೋಗಿ ವರದಕ್ಷಿಣೆ ಕಾಲಿಟ್ಟದ್ದು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೂಡ ಈ ಪಲ್ಲಟದ ಬಗ್ಗೆ ಬರೆದರು. ಕೈಯಲ್ಲಿ ರೊಕ್ಕ ಆಡಿದಂತೆ, ಓದಿದ ಸಂಬಳದ ಗಂಡುಗಳು ಬಂದಂತೆ ಲೆಕ್ಕ ತಿರುಗಿತು.

ನೀರು ಬಂದ ಮನೆಯ ಸೊಸೆ ಗದ್ದೆಗೆ ಇಳಿಯಬಾರದು, ಇಳಿದರೆ ಮನೆತನಕ್ಕೆ ಕುಂದು ಎಂಬ ಭಾವನೆ ಬಂದದ್ದು ಆಗಲೇ. ಗದ್ದೆಗೆ ಇಳಿಯದಿದ್ದರೇನು, ಕೊಟ್ಟಿಗೆಗೆ ಇಳಿಯುವುದು ತಪ್ಪಲಿಲ್ಲ. ಆಳುಕಾಳಿಗೆ ಬುತ್ತಿ ಕಟ್ಟುವುದು, ರಾಗಿ ಹಸನು ಮಾಡುವುದು, ಹಾಲು ಕರೆಯುವುದು ತಪ್ಪಲಿಲ್ಲ. ಕೆಲಸ ಹಾಗೇ ಉಳಿದು, ಕೆಲಸದ ಲೆಕ್ಕ ಮಾತ್ರ ಹೋಯಿತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದ ಮೇಲೂ ‘ವರೋಪಚಾರ’ ಎಂಬ ಹೆಸರಿನಲ್ಲಿ ಸೈಟು, ಬೈಕು, ಚಿನ್ನ ಕೈ ಬದಲಾಯಿಸುತ್ತಲೇ ಬಂದವು.

ಈಗ ಮತ್ತೊಂದು ತಿರುವು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ತೆಗೆದುಕೊಳ್ಳುವ ಗಂಡಿಗೆ ಈಗಲೂ ಕೊಡುವವರು ಕೊಡುತ್ತಲೇ ಇದ್ದಾರೆ. ಅದೇ ಬೀದಿಯಲ್ಲಿ, ಮೂರು ಎಕರೆ ನೀರಾವರಿ ಜಮೀನಿರುವ ಗಂಡಿನ ತಾಯಿ, ‘ಹೆಣ್ ಕೊಟ್ರೆ ಸಾಕು, ಚೌಟ್ರಿ, ಒಡವೆ, ಬೀಗರ ಊಟ ಎಲ್ಲಾ ನಮ್ದೇ’ ಎಂದು ನೆಂಟರಿಷ್ಟರ ಮನೆ ಬಾಗಿಲು ತಟ್ಟುತ್ತಿದ್ದಾಳೆ. ದಲ್ಲಾಳಿಗಳಿಗೆ ಹಣ ಕೊಟ್ಟು ದೂರದ ಜಿಲ್ಲೆಗಳಿಂದ ಹೆಣ್ಣು ತಂದವರಿದ್ದಾರೆ. ಹಣ ಕಳೆದುಕೊಂಡವರೂ ಇದ್ದಾರೆ. ಮದುವೆಯಾಗುವ ತನಕ ಅಂತ ಬೆಂಗಳೂರಿಗೆ ಹೋಗಿ ಗೋದಾಮಿನಲ್ಲೋ ಡೆಲಿವರಿಯಲ್ಲೋ ಸೇರಿಕೊಂಡ ಹುಡುಗರನ್ನು ನಾನೇ ಬಲ್ಲೆ. ಊರಲ್ಲಿ ಗದ್ದೆ ಪಾಳು, ಅಲ್ಲಿ ಬಾಡಿಗೆ ಕಟ್ಟಿದರೆ ಕೈಯಲ್ಲಿ ಏನೂ ಉಳಿಯದು. ಆದರೂ ಬಯೋಡೇಟಾದಲ್ಲಿ ‘ಪ್ರೈವೇಟ್ ಕಂಪನಿ, ಬೆಂಗಳೂರು’ ಎಂದು ಬರೆಯಬಹುದಲ್ಲ ಎನ್ನುವುದೊಂದೇ ಅವರ ಆಸೆ. ಇಪ್ಪತ್ತೆಂಟು ವಯಸ್ಸಿನ ಹುಡುಗನೊಬ್ಬ ತಾನು ರೈತ ಎಂದು ಹೇಳಿಕೊಳ್ಳಲು ಹಿಂಜರಿಯುವುದನ್ನು ಕಾಣುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಾಯಂದಿರು ತೀರ್ಮಾನಿಸಿದ್ದು

ಹೆಣ್ಣು ಕೊಡದವರು ಯಾರು? ಹುಡುಗಿಯ ಅಪ್ಪನೋ, ಹುಡುಗಿಯೋ ಎಂದುಕೊಳ್ಳುತ್ತೇವೆ. ಕಾಲೇಜಿನ ಪ್ರವೇಶದ ದಿನಗಳಲ್ಲಿ ನನ್ನ ಮೇಜಿನ ಮುಂದೆ ನಿಂತವರನ್ನು ನೆನೆದರೆ ಬೇರೆಯೇ ಉತ್ತರ ಕಾಣುತ್ತದೆ.

ಮಳೆಗಾಲದ ಮೊದಲಲ್ಲಿ ಅರ್ಜಿ ತುಂಬಿಸಲು ಹುಡುಗಿಯರ ಜೊತೆ ಬರುವವರು ಹೆಚ್ಚಾಗಿ ತಾಯಂದಿರೇ. ಅಪ್ಪಂದಿರು ಫೀಸಿನ ಹೊತ್ತಿಗೆ ಬರುತ್ತಾರೆ. ಮದ್ದೂರು ಕಡೆಯ ತಾಯಿಯೊಬ್ಬರು ಮಗಳ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು ಹಾಕಿ, ಸೆರಗಿನ ಒಳಗಿಟ್ಟುಕೊಂಡು ತಂದಿದ್ದರು. ಬೆರಳ ಸಂದಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ ಹಾಗೇ ಇತ್ತು. ಹುಳುವಿಗೆ ಸೊಪ್ಪು ಹಾಕಿಯೇ ಬಸ್ಸು ಹತ್ತಿದ್ದರು. ‘ಮೇಡಂ, ಇವಳನ್ನ ಹೆಂಗಾರ ಮಾಡಿ ಡಿಗ್ರಿವರ್ಗೂ ಓದ್ಸಿ. ಕೆಲ್ಸ ಸಿಕ್ತದೋ ಇಲ್ವೋ, ದೇವ್ರಿಗೆ ಬುಟ್ಟಿದ್ದು. ಈ ಸಗಣಿ ಬಾಚೋದು ಮಾತ್ರ ಇವ್ಳಿಗೆ ಬ್ಯಾಡ. ನನ್ಗೇ ಸಾಕಾಗದೆ’ ಎಂದರು. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಇದೇ ಮಾತನ್ನು ಬೇರೆ ಬೇರೆ ತಾಯಂದಿರ ಬಾಯಲ್ಲಿ ವರ್ಷವರ್ಷವೂ ಕೇಳಿದ್ದೇನೆ. ಗಂಡನ ಮೇಲೆ ದೂರಿಲ್ಲ, ಅತ್ತೆಯ ಮೇಲೆ ಚಾಡಿ ಇಲ್ಲ. ಮಗಳು ಈ ಅಂಗಳಕ್ಕೆ ಮತ್ತೆ ಸೊಸೆಯಾಗಿ ಬರಬಾರದು ಎಂಬ ದೃಢವಾದ ತೀರ್ಮಾನವಷ್ಟೇ.

ಆ ತಾಯಿಯ ದಿನವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಮತ್ತೆ ನಡುರಾತ್ರಿ ಸೊಪ್ಪು. ಹುಳು ಮನೆಯೊಳಗೆ ನಿಂತರೆ ಸಾವಿರಾರು ಬಾಯಿ ಎಲೆ ಕಡಿಯುವ ಸದ್ದು ಕೇಳುತ್ತದೆ. ಅದರ ಮಧ್ಯೆ ನಸುಕಿನಲ್ಲಿ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಕ್ಯಾನು ತೊಳೆದು ಡೇರಿಗೆ ಕಳಿಸಬೇಕು. ಸಂಜೆ ಇನ್ನೊಂದು ಸಲ. ಹುಳು ಹಣ್ಣಾದ ದಿನವಂತೂ ಊಟಕ್ಕೂ ಬಿಡುವಿಲ್ಲ. ಒಂದೊಂದನ್ನೇ ಆಯ್ದು ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲು ವ್ಯರ್ಥ. ಗೂಡನ್ನು ರಾಮನಗರದ ಮಾರುಕಟ್ಟೆಗೆ ತೆಗೆದುಕೊಂಡು ಹೋಗುವವನು ಗಂಡ. ಹಣ ಬರುವುದು ಅವನ ಖಾತೆಗೆ. ಡೇರಿಯ ಪಾಸ್‌ಬುಕ್ಕಿನಲ್ಲಿ ಬಹಳಷ್ಟು ಮನೆಗಳಲ್ಲಿ ಇರುವುದೂ ಅವನ ಹೆಸರೇ. ಮಹಿಳಾ ಹಾಲು ಸಂಘಗಳಿರುವ ಊರುಗಳಲ್ಲಿ ಇದು ಬದಲಾಗಿದೆ. ಅಂಥ ಊರಿನ ಹೆಂಗಸರು ಅಂಗಡಿಯಲ್ಲಿ ನಿಂತು ಮಾತಾಡುವ ಧಾಟಿಯೇ ಬೇರೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಇದು ಇಡೀ ದೇಶದ ಸರಾಸರಿ, ಬರೀ ಅಡುಗೆ, ಕಸಮುಸುರೆ, ಬಟ್ಟೆಬರೆಯ ಲೆಕ್ಕ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ. ಒಕ್ಕಲುತನದ ಮನೆಯಲ್ಲಿ ಕೊಟ್ಟಿಗೆಯ ಕೆಲಸ ಎಲ್ಲಿ ಮುಗಿಯುತ್ತದೆ, ಅಡುಗೆಮನೆಯದು ಎಲ್ಲಿ ಶುರುವಾಗುತ್ತದೆ ಎಂದು ಯಾವ ಸಮೀಕ್ಷೆಯವರು ಗೆರೆ ಎಳೆಯಬಲ್ಲರು?

2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರು ಸಾಲದ ಹೊರೆಯಲ್ಲಿ, ಬಾಕಿ ಹಣ ಬಾರದೆ ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆಯ ತಾಯಂದಿರು ಮರೆತಿಲ್ಲ. ಸಾಲ ತೆಗೆದವನು ಹೋದ, ಸಾಲ ಹೆಂಡತಿಯ ಪಾಲಿಗೆ ಉಳಿಯಿತು, ಜಮೀನು ಮಾವನ ಹೆಸರಿನಲ್ಲೇ ಇತ್ತು. ಅಂಥ ಮನೆಯ ಪಕ್ಕದಲ್ಲಿ ಬದುಕಿದವಳು ತನ್ನ ಮಗಳಿಗೆ ಬೇರೆ ದಾರಿ ಹುಡುಕಿದರೆ ಅದನ್ನು ಸ್ವಾರ್ಥ ಎನ್ನುವ ಬಾಯಿ ನನಗಿಲ್ಲ.

ಹುಡುಗಿಗೆ ಅಂಕಪಟ್ಟಿಯೇ ಪಹಣಿ

ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಲೆಲ್ಲ ‘ಈ ಬಾರಿಯೂ ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ನೋಡುತ್ತೇವೆ. ನೋಡಿ ನೋಡಿ ಅದರಲ್ಲಿ ಸುದ್ದಿಯೇ ಇಲ್ಲ ಎನ್ನುವಂತಾಗಿದೆ. ತರಗತಿಯಲ್ಲಿ ನಿಂತವಳಿಗೆ ಅದರ ಕಾರಣ ಕಣ್ಣಿಗೆ ಹೊಡೆದು ಕಾಣುತ್ತದೆ. ಹುಡುಗನಿಗೆ ಮನೆಯಲ್ಲಿ ಹೇಳುವ ಮಾತು, ‘ಫೇಲಾದ್ರೆ ಆಗ್ಲಿ ಬುಡು, ಜಮೀನದೆ.’ ಹುಡುಗಿಗೆ ಹೇಳುವುದು, ‘ಫೇಲಾದ್ರೆ ಮದ್ವೆ ಮಾಡ್ಬುಡ್ತೀವಿ.’ ಒಬ್ಬನಿಗೆ ಬೀಳಲು ಮೆತ್ತನೆಯ ನೆಲ, ಇನ್ನೊಬ್ಬಳಿಗೆ ಬಿದ್ದರೆ ಬಾವಿ. ಯಾರು ಹಿಡಿದು ಓದುತ್ತಾರೆ ಎಂದು ಕೇಳಬೇಕೆ? ಹುಡುಗನಿಗೆ ಸಿಗುವ ಆ ನೆಲವಾದರೂ ಎಷ್ಟು? ಈ ಜಿಲ್ಲೆಯ ಬಹುಪಾಲು ಹಿಡುವಳಿಗಳು ಒಂದು ಹೆಕ್ಟೇರಿಗೂ ಕಡಿಮೆ. ಅದರಲ್ಲೂ ಅಣ್ಣ ತಮ್ಮಂದಿರ ಪಾಲು. ಜಮೀನಿದೆ ಎಂದು ಹುಡುಗನ ಓದನ್ನು ಸಡಿಲ ಬಿಟ್ಟ ಮನೆಗಳು ಅವನಿಗೆ ಮಾಡಿದ್ದು ಅನ್ಯಾಯ. ಬೆಟ್ಟಕ್ಕೆ ನಡೆದ ಹುಡುಗರಲ್ಲಿ ಅಂಥವರು ಎಷ್ಟೋ ಮಂದಿ ಇದ್ದಿರಬೇಕು.

ಹುಡುಗಿಯರ ಓದನ್ನು ಸಮಾಜ ಒಪ್ಪಿಕೊಂಡದ್ದೇ ಮದುವೆಯ ನೆಪದಲ್ಲಿ ಎನ್ನುವುದನ್ನೂ ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲೇ ಬಾಲವಿಧವೆಯೊಬ್ಬಳ ಓದನ್ನೂ ಮರುಮದುವೆಯನ್ನೂ ಒಂದೇ ಕತೆಯಲ್ಲಿ ಹೆಣೆದಿತ್ತು. ಮುಂದೆ ನಂಜನಗೂಡು ತಿರುಮಲಾಂಬ, ತಾವೇ ಬಾಲವಿಧವೆಯಾಗಿದ್ದವರು, ‘ಸತಿ ಹಿತೈಷಿಣಿ’ ಗ್ರಂಥಮಾಲೆ ನಡೆಸಿ ಹೆಂಗಸರ ಕೈಗೆ ಪುಸ್ತಕ ಕೊಟ್ಟರು. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ ಆಗಲು ಓದು ಎಂಬುದೇ ಆ ಕಾಲದ ದೊಡ್ಡ ವಾದ. ನಮ್ಮ ಕಾಲದ ಸರ್ಕಾರಗಳೂ ಇವೆರಡನ್ನು ಜೋಡಿಸಿಯೇ ನೋಡಿದವು. 2006ರ ಭಾಗ್ಯಲಕ್ಷ್ಮಿ ಯೋಜನೆಯ ಬಾಂಡಿಗೆ ಇದ್ದ ಷರತ್ತುಗಳಲ್ಲಿ ಎಂಟನೇ ತರಗತಿವರೆಗೆ ಓದುವುದೂ ಒಂದು, ಹದಿನೆಂಟರ ಒಳಗೆ ಮದುವೆಯಾಗದಿರುವುದೂ ಒಂದು. ಅದೇ ಕಾಲದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ಲು ಬಂತು. ಎಂಟನೇ ತರಗತಿಗೆ ಪಕ್ಕದೂರಿಗೆ ಹೋಗಬೇಕಾಗಿ ಬಂದಾಗ ಶಾಲೆ ಬಿಡುತ್ತಿದ್ದ ಹುಡುಗಿಯರು ಗುಂಪುಗುಂಪಾಗಿ ನಾಲೆಯ ಏರಿಯ ಮೇಲೆ ಸೈಕಲ್ ತುಳಿದು ಬರುವುದನ್ನು ನೋಡಿ ನಾನು ಪಟ್ಟ ಸಂತೋಷ ಈಗಲೂ ಹಸಿಯಾಗಿದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಬಸ್ಸೂ ಉಚಿತವಾಯಿತು. ಬಸ್ ಚಾರ್ಜಿಗೆ ಅಪ್ಪನ ಮುಖ ನೋಡುವುದು ತಪ್ಪಿದ ಮೇಲೆ ಮೈಸೂರಿನ ಕಾಲೇಜು ಸೇರುವ ಹಟ ಹಿಡಿದ ಹುಡುಗಿಯರಿದ್ದಾರೆ.

ಎಲ್ಲೆಲ್ಲೂ ಹೀಗೇ ಆಗಿದೆ ಎಂದುಕೊಳ್ಳುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಐವರಲ್ಲಿ ಒಬ್ಬಳು! ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಇಲ್ಲಿ ಮೂಲದಿಂದಲೇ ಅಸಿಂಧು. ಆದರೂ ನಡೆಯುತ್ತದೆ. ಹೆಣ್ಣಿಗೆ ಬೇಡಿಕೆ ಹೆಚ್ಚಾದರೆ ಅವಳ ಮಾತಿಗೆ ಬೆಲೆ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಹೆಣ್ಣು ಸಿಗುವುದಿಲ್ಲ ಎಂಬ ಭಯದಲ್ಲಿ ಸೋದರಮಾವನ ಮಗನಿಗೆ ಪಿಯುಸಿ ಹುಡುಗಿಯನ್ನು ಗೊತ್ತು ಮಾಡಿ ಇಟ್ಟುಕೊಳ್ಳುವ ಮನೆಗಳನ್ನು ಕಂಡಿದ್ದೇನೆ.

ಇನ್ನೊಂದು ಮಾತು, ಹೇಳಲು ಕಷ್ಟವಾದದ್ದು. ಬ್ರಹ್ಮಚಾರಿಗಳು ಬೆಟ್ಟಕ್ಕೆ ನಡೆದ ಅದೇ ವರ್ಷ, 2023ರ ನವೆಂಬರ್‌ನಲ್ಲಿ, ಇದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗ! ಕಬ್ಬಿನ ಗದ್ದೆಗಳ ನಡುವೆ ಯಾರ ಕಣ್ಣಿಗೂ ಬೀಳದಂತೆ ಹೆಣ್ಣು ಎಂದು ತಿಳಿದು ಎಷ್ಟು ಜೀವ ತೆಗೆದರೋ. ಲಿಂಗ ಪತ್ತೆ ನಿಷೇಧ ಕಾಯ್ದೆ ಬಂದದ್ದು 1994ರಲ್ಲಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948. ಹೆಣ್ಣು ಸಿಗುತ್ತಿಲ್ಲ ಎಂದು ಗೋಳಾಡುವ ಪ್ರತಿ ಊರೂ ತನ್ನ ಬೀದಿಯ ಅಂಗನವಾಡಿಯ ಹಾಜರಿ ಪುಸ್ತಕವನ್ನು ಮೊದಲು ತೆರೆದು ನೋಡಬೇಕು.

ಬೆಂಗಳೂರು ಸೇರಿದವಳು

ರೈತನನ್ನು ಒಲ್ಲೆ ಎಂದು ಬೆಂಗಳೂರಿನ ಗಂಡನ್ನು ಒಪ್ಪಿದವಳ ಬದುಕು ಹಸನಾಯಿತೇ? ನನ್ನ ಹಳೆಯ ವಿದ್ಯಾರ್ಥಿನಿಯರು ಕೆಂಗೇರಿಯಲ್ಲಿ, ಲಗ್ಗೆರೆಯಲ್ಲಿ, ನಾಗರಬಾವಿಯಲ್ಲಿ ಇದ್ದಾರೆ. ಹೋದಾಗ ಪ್ರೀತಿಯಿಂದ ಮನೆಗೆ ಕರೆಯುತ್ತಾರೆ. ಎರಡು ಕೋಣೆ, ಒಂದು ಹಾಲು, ಗೋಡೆಯ ಮೇಲೆ ಘಟಿಕೋತ್ಸವದ ಫೋಟೊ. ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಲೆಕ್ಕಪತ್ರದಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು ಈಗ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಗಂಡನ ಡಬ್ಬಿ ಕಟ್ಟಿ, ಮಧ್ಯಾಹ್ನದವರೆಗೆ ಒಬ್ಬಳೇ. ‘ಕೆಲಸಕ್ಕೆ ಹೋಗ್ತೀನಿ ಅಂದೆ ಮೇಡಂ. ಮಗು ಯಾರು ನೋಡ್ಕೋತಾರೆ ಅಂದ್ರು. ನಿಜವೇ ಅಲ್ವಾ?’ ಎಂದು ನನ್ನನ್ನೇ ಕೇಳಿದಳು. ಆ ಪ್ರಶ್ನೆಯನ್ನು ಗಂಡನಿಗೆ ಯಾರೂ ಕೇಳಿರಲಿಲ್ಲ. ಕೊಟ್ಟಿಗೆಯ ಕೆಲಸ ತಪ್ಪಿತು, ನಿಜ. ಅವಳ ತಾಯಿ ಬೇಡಿದ್ದು ಅದನ್ನೇ, ಅದು ಸಿಕ್ಕಿತು. ಓದಿದ್ದು ಮಾತ್ರ ಕೈಕಟ್ಟಿ ಕೂತಿದೆ.

ಇದಕ್ಕಿಂತ ನೆಮ್ಮದಿಯಾಗಿ ಕಂಡವರು, ಪಿಯುಸಿಗೇ ಓದು ನಿಲ್ಲಿಸಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆ ದುಡಿಮೆ ಸುಲಭದ್ದಲ್ಲ. ಟಾರ್ಗೆಟ್ಟು, ಸೂಪರ್‌ವೈಸರನ ಬೈಗುಳ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬರುವ ಬೆನ್ನುನೋವು ಎಲ್ಲ ಇದೆ. ಆದರೆ ತಿಂಗಳ ಕೊನೆಗೆ ತನ್ನ ಖಾತೆಗೆ ಹಣ ಬೀಳುತ್ತದೆ. ಚೀಟಿ ಕಟ್ಟುತ್ತಾಳೆ, ತಮ್ಮನ ಫೀಸು ಕಟ್ಟುತ್ತಾಳೆ. ಗಂಡು ನೋಡಲು ಬಂದಾಗ ಕೇಳುವ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳುತ್ತಾಳೆ.

ಜಮೀನು ಯಾರ ಹೆಸರಲ್ಲಿದೆ?

ಹಾಗಾದರೆ ರೈತನ ಮನೆಗೆ ಓದಿದ ಹೆಣ್ಣು ಬರುವುದೇ ಇಲ್ಲವೇ? ಬರುತ್ತಾಳೆ, ಆ ಮನೆಯಲ್ಲಿ ಅವಳಿಗೆ ಸ್ಥಾನವಿದ್ದರೆ. ಈಗಿನ ಸ್ಥಿತಿ ನೋಡಿ. ದೇಶದಲ್ಲಿ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು 2015–16ರ ಕೃಷಿ ಗಣತಿಯಂತೆ ಸುಮಾರು ಶೇ 14. ಮಿಕ್ಕ ಹೆಂಗಸರು ದುಡಿಯುತ್ತಾರೆ, ಪಹಣಿಯಲ್ಲಿ ಇಲ್ಲ. ಪಹಣಿಯಲ್ಲಿ ಇಲ್ಲದವಳಿಗೆ ಬೆಳೆಸಾಲವಿಲ್ಲ, ಬೆಳೆ ಪರಿಹಾರವಿಲ್ಲ, ಸೊಸೈಟಿಯಲ್ಲಿ ಮಾತಿಲ್ಲ.

ಕಾನೂನು ಹಿಂದೆ ಬಿದ್ದಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಕಾಗದದ ಮೇಲೆ ಇನ್ನೇನೂ ಬಾಕಿ ಇಲ್ಲ.

ನೋಂದಣಿ ಕಚೇರಿಯ ಅಂಗಳದಲ್ಲಿ ನಡೆಯುವುದು ಬೇರೆ. ಅಣ್ಣನೋ ತಮ್ಮನೋ ಸೈಟು ಮಾರಬೇಕಾದಾಗ, ಸಾಲ ತೆಗೆಯಬೇಕಾದಾಗ ಅಕ್ಕತಂಗಿಯರಿಗೆ ಕರೆ ಹೋಗುತ್ತದೆ. ಅವರು ಗಂಡನ ಊರಿನಿಂದ ಬಸ್ಸಿನಲ್ಲಿ ಬರುತ್ತಾರೆ. ಕಲ್ಲುಬೆಂಚಿನ ಮೇಲೆ ಕೂತು ಸರದಿ ಕಾಯುತ್ತಾರೆ. ಬೆರಳಚ್ಚು ಕೊಟ್ಟು, ಕ್ಯಾಮೆರಾ ನೋಡಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಆಮೇಲೆ ಹೋಟೆಲಿನಲ್ಲಿ ಊಟ, ಮನೆಯಲ್ಲಿ ಅರಿಸಿನ ಕುಂಕುಮದ ಜೊತೆ ಒಂದು ಸೀರೆ. ಬರೆಯಲು ಬಾರದ ತಾಯಿ ಹೆಬ್ಬೆಟ್ಟು ಒತ್ತಿದ ಕಡೆ ಡಿಗ್ರಿ ಓದಿದ ಮಗಳು ಇಂಗ್ಲಿಷಿನಲ್ಲಿ ಸಹಿ ಹಾಕಿ ಅದೇ ಹಕ್ಕನ್ನು ಬಿಟ್ಟುಕೊಡುತ್ತಾಳೆ. ಕೇಳಿದರೆ, ‘ತೌರು ಬೇಕಲ್ಲ ಮೇಡಂ’ ಎನ್ನುತ್ತಾಳೆ. ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಹೆರಿಗೆಗೆ ಕರೆಯುವುದಿಲ್ಲ, ನಾಳೆ ಗಂಡನ ಮನೆಯಲ್ಲಿ ಎಡವಟ್ಟಾದರೆ ಹೋಗಿ ನಿಲ್ಲಲು ಬಾಗಿಲಿರುವುದಿಲ್ಲ. ಅವಳ ಭಯ ಸುಳ್ಳಲ್ಲ. ಹಾಗೆ ತೌರಿನ ಪಾಲನ್ನು ಬಿಟ್ಟು, ಗಂಡನ ಮನೆಯಲ್ಲೂ ಹೆಸರಿಲ್ಲದೆ, ಎರಡೂ ಊರಿನ ಮಣ್ಣಿನಲ್ಲಿ ದುಡಿದವಳು ಎಲ್ಲಿಯೂ ಒಕ್ಕಲಲ್ಲ.

2 ಲಕ್ಷ ರೂಪಾಯಿಯ ಆಶ್ವಾಸನೆ ನನಗೆ ಒಪ್ಪಿಗೆಯಾಗದ್ದು ಈ ಕಾರಣಕ್ಕೆ. ಹುಡುಗಿ ಬೇಡುತ್ತಿರುವುದು ಮದುವೆಯ ದಿನದ ಇನಾಮು ಅಲ್ಲ. ಮದುವೆಯ ಮರುದಿನ ಬೆಳಿಗ್ಗೆ ಐದು ಗಂಟೆಗೆ ಆ ಮನೆಯಲ್ಲಿ ಯಾರು ಏಳುತ್ತಾರೆ, ಯಾರ ಹೆಸರಿಗೆ ಹಾಲಿನ ಹಣ ಬರುತ್ತದೆ, ಬಚ್ಚಲಿಗೆ ಬಾಗಿಲಿದೆಯೇ, ಓದು ಮುಂದುವರಿಸಬಹುದೇ ಎನ್ನುವುದು ಅವಳ ಪ್ರಶ್ನೆ. ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. ಆಡಂಬರ, ಪುರೋಹಿತರು, ವರದಕ್ಷಿಣೆ ಯಾವುದೂ ಇರಲಿಲ್ಲ. ಗಂಡು ಹೆಣ್ಣು ಸಮಾನರೆಂಬ ಮಾತೇ ಅಲ್ಲಿ ಮಂತ್ರ. ಈಗಲೂ ಆ ರೀತಿ ಮದುವೆಯಾಗುವವರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆ ಮಾತು ಮದುವೆಯ ಚಪ್ಪರದಿಂದ ಕಂದಾಯದ ದಾಖಲೆಗೂ ಇಳಿಯಬೇಕು ಎನ್ನುವುದು ನನ್ನ ಹಂಬಲ.

ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಖಾತೆ ಬದಲಾವಣೆಗೆ ಭೂಮಿ ತಂತ್ರಾಂಶ ಇದೆ. ಮನಸ್ಸು ಮಾಡಿದರೆ ಆಗದ ಕೆಲಸವಲ್ಲ ಎನ್ನುವುದಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳೇ ಸಾಕ್ಷಿ. ಬಿ.ಎಸ್ಸಿ. ಓದಿದವಳು. ಪಾಂಡವಪುರ ಕಡೆಯ ರೈತನ ಮಗನೊಬ್ಬ ನೋಡಲು ಬಂದಾಗ, ಉಪ್ಪಿಟ್ಟು ಕೊಟ್ಟು ಒಳಗೆ ಹೋಗುವ ಬದಲು ಎದುರಿಗೇ ಕೂತಳು. ಬಿ.ಇಡಿ. ಮಾಡಬೇಕು, ಹಸು ಮೂರಕ್ಕಿಂತ ಹೆಚ್ಚು ಇದ್ದರೆ ಹಾಲು ಕರೆಯುವ ಯಂತ್ರ ಬೇಕು, ಒಂದು ಎಕರೆಯ ಪಹಣಿಯಲ್ಲಿ ತನ್ನ ಹೆಸರೂ ಬರಬೇಕು ಎಂದಳು. ಹುಡುಗ ಮೊದಲ ಎರಡಕ್ಕೆ ಅಲ್ಲೇ ಒಪ್ಪಿದ. ಮೂರನೆಯದಕ್ಕೆ ಅವನಪ್ಪ ಎದ್ದು ಹೊರಗೆ ಹೋದರು. ಮಾತುಕತೆ ಮುರಿದೇಹೋಯಿತು ಎಂದುಕೊಂಡಿದ್ದೆವು. ಹದಿನೈದು ದಿನದ ಮೇಲೆ ಮತ್ತೆ ಬಂದವರು ಹುಡುಗನ ತಾಯಿ, ಒಬ್ಬರೇ. ‘ನನ್ನ ಹೆಸ್ರಲ್ಲಿ ಒಂದ್ ಗುಂಟೆನೂ ಇಲ್ಲ ಕಣವ್ವ. ನಿನ್ ಹೆಸ್ರಲ್ಲಿ ಆಗ್ಲಿ. ನಾನು ಒಪ್ಪುಸ್ತೀನಿ’ ಎಂದರು. ಒಪ್ಪಿಸಲು ಒಂದು ವರ್ಷವೇ ಬೇಕಾಯಿತು. ಅಷ್ಟರಲ್ಲಿ ಮದುವೆಯಾಗಿತ್ತು, ಮನೆಯಲ್ಲಿ ಮಾತು ಬಿಟ್ಟ ದಿನಗಳೂ ಇದ್ದವು. ಕೊನೆಗೆ ದಾನಪತ್ರ ನೋಂದಣಿಯಾಯಿತು, ಒಂದು ಎಕರೆ ಗಂಡ ಹೆಂಡತಿ ಇಬ್ಬರ ಹೆಸರಿಗೆ ಬಂತು. ಸಂಜೆಯ ಹಾಲು ಈಗ ಗಂಡ ಕರೆಯುತ್ತಾನೆ, ಆ ಹೊತ್ತಿಗೆ ಅವಳಿಗೆ ಓದು.

ಆ ಊರಿನಿಂದ ಇನ್ನೂ ಕೆಲವು ಮನೆಯವರು ನನ್ನ ಹತ್ತಿರ ಬಂದಿದ್ದಾರೆ. ‘ಅಂಥ ಹುಡ್ಗಿ ಯಾರಾದ್ರೂ ಇದ್ರೆ ಹೇಳಿ ಮೇಡಂ, ಹುಡುಗ ಒಳ್ಳೆಯೋನು’ ಎನ್ನುತ್ತಾರೆ. ಹುಡುಗರು ನಿಜಕ್ಕೂ ಒಳ್ಳೆಯವರೇ, ಕೆಲವರಿಗೆ ನಾನೇ ಪಾಠ ಹೇಳಿದ್ದೇನೆ. ಜಾತಕ ತರಬೇಡಿ, ಪಹಣಿಯ ನಕಲು ತನ್ನಿ, ಬರುವಾಗ ಹುಡುಗನ ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.